ನಲವತ್ತರಲ್ಲಿ ತಿಳಿದರೂ ತಡವಲ್ಲ: ದೊಡ್ಡವರ ಆಟಿಸಂ ಬಗ್ಗೆ ನಾಲ್ಕು ಮಾತು



ಆರೋಗ್ಯ ಮಾಲಿಕೆ ಎಂದರೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ಥೈರಾಯ್ಡ್ ಎಂದೇ ನಮಗೆ ರೂಢಿ. ಇವತ್ತಿನ ವಿಷಯ ಸ್ವಲ್ಪ ಬೇರೆ. ಆಟಿಸಂ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮಾತು ಬಾರದ ಮೂರು ವರ್ಷದ ಮಗು. ಆದರೆ ಆ ಮಗು ಬೆಳೆಯುತ್ತದೆ. ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ, ಊರು ಬಿಟ್ಟು ನಾಸಿಕ್‌ಗೋ ಛತ್ರಪತಿ ಸಂಭಾಜಿನಗರಕ್ಕೋ ಬಂದು ನೆಲೆಸಿರುತ್ತದೆ. ಅದಕ್ಕೆ ಆಟಿಸಂ ಇದೆ ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ, ಅದಕ್ಕೇ ಗೊತ್ತಿರುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ದೊಡ್ಡವರೊಬ್ಬರಿಗೆ ‘ನನಗೆ ಆಟಿಸಂ ಇರಬಹುದೇ’ ಎಂಬ ಅನುಮಾನ ಬಂದರೆ ಅವರನ್ನು ತಡೆಯಬೇಡಿ, ನಗಬೇಡಿ, ‘ಈ ವಯಸ್ಸಿನಾಗ ಅದ್ಯಾಕ ಬೇಕು’ ಅನ್ನಬೇಡಿ. ಜೊತೆಗೆ ಹೋಗಿ ತೋರಿಸಿ. ಊರು ಬಿಟ್ಟು ಬಂದ ನಮ್ಮಂಥ ಮನೆಗಳಲ್ಲಿ ಇದು ಇನ್ನೂ ಹೆಚ್ಚು ಅಗತ್ಯ. ಯಾಕೆ ಎಂಬುದನ್ನೇ ಈ ಲೇಖನದಲ್ಲಿ ಹೇಳಲಿದ್ದೇನೆ.

*ಆಟಿಸಂ ಎಂದರೆ ಏನು, ಏನಲ್ಲ*

ಇದು ಅಂಟುರೋಗವಲ್ಲ, ಹುಚ್ಚಲ್ಲ, ತಂದೆತಾಯಿ ಸರಿಯಾಗಿ ಬೆಳೆಸದೆ ಬಂದದ್ದಲ್ಲ. ಹುಟ್ಟಿನಿಂದಲೇ ಮೆದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. ವೈದ್ಯರು ಮುಖ್ಯವಾಗಿ ಎರಡು ಗುಂಪಿನ ಲಕ್ಷಣಗಳನ್ನು ನೋಡುತ್ತಾರೆ. ಒಂದು, ಜನರೊಂದಿಗೆ ಬೆರೆಯುವ ಮತ್ತು ಮಾತಿನ ಹಿಂದಿನ ಮಾತು ಹಿಡಿಯುವ ಕಷ್ಟ. ಎರಡು, ಒಂದೇ ಕ್ರಮಕ್ಕೆ, ಒಂದೇ ವಿಷಯಕ್ಕೆ ಬಲವಾಗಿ ಅಂಟಿಕೊಳ್ಳುವುದು. ಶಬ್ದ, ಬೆಳಕು, ವಾಸನೆ, ಬಟ್ಟೆಯ ಸ್ಪರ್ಶ ವಿಪರೀತವಾಗಿ ತಾಗುವುದು ಅಥವಾ ತಾಗದೇ ಇರುವುದು ಕೂಡ ಈ ಎರಡನೆಯ ಗುಂಪಿಗೇ ಸೇರುತ್ತದೆ. ಎರಡೂ ಬಾಲ್ಯದಿಂದಲೇ ಇರಬೇಕು. 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ. ನಮ್ಮ ಒಂದು ಸಂಘದ ಗಣೇಶೋತ್ಸವಕ್ಕೆ ಮುನ್ನೂರು ಜನ ಸೇರಿದರೆ ಅದರಲ್ಲಿ ಇಂಥವರು ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಇಲ್ಲದಿದ್ದರೆ ಬಹುಶಃ ಆ ಡಿಜೆ ಮತ್ತು ನಾಸಿಕ್ ಢೋಲ್ ಸದ್ದಿಗೆ ಹೆದರಿ ಮನೆಯಲ್ಲೇ ಉಳಿದಿರುತ್ತಾರೆ.

ಇಲ್ಲಿನ ದವಾಖಾನೆಯಲ್ಲಿ ವೈದ್ಯರು ಇದನ್ನು ಮರಾಠಿಯಲ್ಲಿ ‘ಸ್ವಮಗ್ನತಾ’ ಅನ್ನುತ್ತಾರೆ. ನಮ್ಮ ಕನ್ನಡದ ಸರಕಾರಿ ಕಾಗದಗಳಲ್ಲಿ ‘ಸ್ವಲೀನತೆ’. ಎರಡೂ ಪದಗಳು ‘ತನ್ನೊಳಗೇ ಮುಳುಗಿದವರು’ ಎಂಬ ಅರ್ಥ ಕೊಡುತ್ತವೆ. ಇದು ಹೊರಗಿನಿಂದ ನೋಡಿದವರು ಇಟ್ಟ ಹೆಸರು. ಆಟಿಸಂ ಇರುವವರ ಮಾತು ಕೇಳಿದರೆ ಅನೇಕರು ಹೇಳುವುದು ಬೇರೆಯೇ: ತಾವು ಜಗತ್ತನ್ನು ಮರೆತು ಕುಳಿತಿಲ್ಲ, ಜಗತ್ತೇ ತಮ್ಮ ಮೇಲೆ ಎಲ್ಲ ಕಡೆಯಿಂದ ಒಟ್ಟಿಗೆ ಬಂದು ಬೀಳುತ್ತದೆ ಎಂದು.

*ಇಷ್ಟು ವರ್ಷ ಯಾಕೆ ತಿಳಿಯಲಿಲ್ಲ?*

ಹಿರಿಯರು ಕೇಳುವ ಮೊದಲ ಪ್ರಶ್ನೆ ಇದೇ. ‘ನಮ್ಮ ಕಾಲದಾಗ ಇವೆಲ್ಲ ಇರಲಿಲ್ಲ ರೀ.’ ಇತ್ತು, ಹೆಸರು ಇರಲಿಲ್ಲ.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ಒಂದು ಪ್ರತ್ಯೇಕ ಸ್ಥಿತಿ ಎಂದು ಗುರುತಾಯಿತು. ಮರುವರ್ಷವೇ ವಿಯೆನ್ನಾದಲ್ಲಿ ಹ್ಯಾನ್ಸ್ ಆಸ್ಪರ್ಗರ್, ಮಾತು ಚೆನ್ನಾಗಿ ಬರುವ ಆದರೆ ಬೆರೆಯಲಾಗದ ಹುಡುಗರ ಬಗ್ಗೆ ಬರೆದರು. ಅದು ಜರ್ಮನ್ ಭಾಷೆಯಲ್ಲಿತ್ತು. 1981ರಲ್ಲಿ ಲಾರ್ನಾ ವಿಂಗ್ ಇಂಗ್ಲಿಷಿನಲ್ಲಿ ಅದನ್ನು ಪರಿಚಯಿಸುವವರೆಗೆ ಹೆಚ್ಚಿನ ವೈದ್ಯರಿಗೂ ಅದು ತಲುಪಲಿಲ್ಲ. ಎಲ್ಲವನ್ನೂ ಒಂದೇ ‘ಸ್ಪೆಕ್ಟ್ರಂ’ ಅಡಿಯಲ್ಲಿ ತಂದದ್ದು 2013ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5.

ನಮ್ಮ ದೇಶದ ಕಾನೂನು ನೋಡಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಆಟಿಸಂ ಅದರಲ್ಲಿ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಅದರ ಹೆಸರು ಬಂತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಅದು ಸೇರಿತು. ಈಗ ನಲವತ್ತು, ಐವತ್ತು ದಾಟಿದವರು ಇಂಡಿಯಲ್ಲೋ ಆಳಂದದಲ್ಲೋ ಭಾಲ್ಕಿಯಲ್ಲೋ ಶಾಲೆಗೆ ಹೋಗುತ್ತಿದ್ದಾಗ ಅವರನ್ನು ಗುರುತಿಸುವವರು ಯಾರಿದ್ದರು? ಗಣಿತದಲ್ಲಿ ಜಾಣ, ಆಟಕ್ಕೆ ಕರೆದರೆ ಬರುವುದಿಲ್ಲ, ಮಾಸ್ತರು ಗದರಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ‘ಮೊಂಡ’ ಎಂದು ಹೆಸರಿಟ್ಟು ಮುಂದಿನ ತರಗತಿಗೆ ಕಳಿಸಿದರು. ಕಥೆ ಮುಗಿಯಿತು.

ಕ್ಯಾನರ್ ನೋಡಿದ ಹನ್ನೊಂದು ಮಕ್ಕಳಲ್ಲಿ ಮೊದಲನೆಯವರು ಡೊನಾಲ್ಡ್ ಟ್ರಿಪ್ಲೆಟ್. ಅವರು ಬೆಳೆದು ದೊಡ್ಡವರಾಗಿ ತಮ್ಮ ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದರು, ಕಾರು ಓಡಿಸಿದರು, ದೇಶ ಸುತ್ತಿದರು, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಊರಿನ ಜನ ಅವರನ್ನು ಇದ್ದ ಹಾಗೆಯೇ ಒಪ್ಪಿಕೊಂಡಿದ್ದರು. ಆಟಿಸಂ ಮಕ್ಕಳ ಕಾಯಿಲೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

*ದೊಡ್ಡವರಲ್ಲಿ ಇದು ಹೇಗೆ ಕಾಣುತ್ತದೆ?*

ಒಬ್ಬರನ್ನು ಕಲ್ಪಿಸಿಕೊಳ್ಳಿ. ವಾಳೂಜ್ ಎಂಐಡಿಸಿಯ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾರೆ. ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಅವರ ಕಣ್ಣು ತಪ್ಪುವುದಿಲ್ಲ. ಆದರೆ ಶಿಫ್ಟ್ ಬದಲಾದರೆ ಎರಡು ದಿನ ಊಟ ಸೇರುವುದಿಲ್ಲ. ಸಾಹೇಬರು ‘ಸ್ವಲ್ಪ ನೋಡಿಕೊಂಡು ಮಾಡಿ’ ಎಂದರೆ ಏನು ನೋಡಬೇಕು, ಎಷ್ಟು ಮಾಡಬೇಕು ಎಂದು ತಿಳಿಯದೆ ಒದ್ದಾಡುತ್ತಾರೆ. ಚಹಾ ವೇಳೆಯ ಹರಟೆಯಲ್ಲಿ ಯಾವಾಗ ನಗಬೇಕು ಎಂದು ಇನ್ನೊಬ್ಬರ ಮುಖ ನೋಡಿ ನಗುತ್ತಾರೆ. ಮನೆಗೆ ಬಂದ ಮೇಲೆ ಒಂದು ತಾಸು ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ಸಿಡಿಯುತ್ತಾರೆ. ಹೆಂಡತಿ ‘ಇವರಿಗೆ ನಮ್ಮ ಮೇಲೆ ಪ್ರೀತಿಯೇ ಇಲ್ಲ’ ಅಂದುಕೊಳ್ಳುತ್ತಾಳೆ.

ಇನ್ನೊಬ್ಬರನ್ನು ಕಲ್ಪಿಸಿಕೊಳ್ಳಿ. ನಾಸಿಕ್‌ನ ಸಿಡ್ಕೋದಲ್ಲಿ ಮನೆ. ಗೃಹಿಣಿ. ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ, ಯಾಕೆಂದರೆ ಹರಿಶಿನ ಕುಂಕುಮಕ್ಕೆ ಹೋಗುವ ಮೊದಲು ಏನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಪಾಠ ಮಾಡಿಕೊಂಡು ಹೋಗುತ್ತಾರೆ. ಬೇರೆ ಹೆಂಗಸರು ಹೇಗೆ ಕೈ ಹಿಡಿದು ಮಾತಾಡಿಸುತ್ತಾರೋ ಹಾಗೆಯೇ ಮಾಡುತ್ತಾರೆ. ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಏಳಲು ಆಗುವುದಿಲ್ಲ. ಹೀಗೆ ಬಣ್ಣ ಹಚ್ಚಿಕೊಂಡು ಬದುಕುವುದನ್ನು ‘ಮಾಸ್ಕಿಂಗ್’ ಅನ್ನುತ್ತಾರೆ. ಹುಡುಗಿಯರಿಗೆ ನಾವು ಚಿಕ್ಕಂದಿನಿಂದಲೇ ‘ನಾಲ್ಕು ಜನರ ಹಾಗೆ ಇರು’ ಎಂದು ಕಲಿಸುತ್ತೇವಲ್ಲ, ಅವರು ಅದನ್ನು ಚೆನ್ನಾಗಿ ಕಲಿತುಬಿಡುತ್ತಾರೆ. ಹೆಣ್ಣುಮಕ್ಕಳಲ್ಲಿ ಆಟಿಸಂ ತಡವಾಗಿ ಗೊತ್ತಾಗಲು ಇದೂ ಒಂದು ಕಾರಣ.

ಇಂಥವರಿಗೆ ನಾವು ಇಟ್ಟಿರುವ ಹೆಸರುಗಳು ಒಂದೆರಡಲ್ಲ: ಗುಮ್ಮನಗುಸುಕ, ಸೊಕ್ಕಿನವ, ತಿಕ್ಕಲು, ಮುಂಗೋಪಿ, ಲೋಕಜ್ಞಾನ ಇಲ್ಲದವಳು. ಆಟಿಸಂ ಎಂಬ ಒಂದು ಪದಕ್ಕೆ ‘ಹಣೆಪಟ್ಟಿ ಬೇಡ’ ಎಂದು ಹೆದರುವ ನಾವು, ಈ ಹಣೆಪಟ್ಟಿಗಳನ್ನು ಹತ್ತು ವರ್ಷದ ಮಗುವಿಗೇ ಅಂಟಿಸಿಬಿಟ್ಟಿರುತ್ತೇವೆ.

ಒಂದು ಎಚ್ಚರಿಕೆ. ಮಾತು ಕಡಿಮೆ ಇರುವವರೆಲ್ಲರಿಗೂ ಆಟಿಸಂ ಇರುವುದಿಲ್ಲ. ನಾಚಿಕೆ, ಖಿನ್ನತೆ, ಆತಂಕ, ಕಿವಿ ಕೇಳದಿರುವುದು, ಗಮನದ ತೊಂದರೆಯಾದ ಎಡಿಎಚ್‌ಡಿ, ಕುಡಿತ, ಮನೆಯ ಜಗಳ, ಯಾವುದರಿಂದಲಾದರೂ ಮನುಷ್ಯ ಮುದುಡಬಹುದು. ಅದಕ್ಕೇ ನಾವು ನಾವೇ ತೀರ್ಮಾನ ಮಾಡದೆ ತಿಳಿದವರಿಗೆ ತೋರಿಸಬೇಕು ಅನ್ನುವುದು.

*ಊರು ಬಿಟ್ಟ ಮನೆಗಳಲ್ಲಿ ಇದು ಅಡಗಿಕೊಳ್ಳುತ್ತದೆ*

ನಾವು ವಿಶೇಷವಾಗಿ ಗಮನಿಸಬೇಕಾದ ಮಾತು ಇದು. ಪರಊರಿನಲ್ಲಿ ನಮಗೆ ಒಂದು ಸುಲಭದ ಉತ್ತರ ಸಿದ್ಧವಾಗಿರುತ್ತದೆ: ‘ಅವನಿಗೆ ಮರಾಠಿ ಬರೋದಿಲ್ಲ, ಅದಕ್ಕೇ ಮಾತಾಡೋದಿಲ್ಲ.’ ಬೆರೆಯುವುದಿಲ್ಲವೇ, ಭಾಷೆ. ಕಣ್ಣು ತಪ್ಪಿಸುತ್ತಾನೆಯೇ, ಹೊಸ ಜಾಗದ ಸಂಕೋಚ. ಕೆಲಸ ಬಿಟ್ಟನೇ, ಇಲ್ಲಿನ ಜನ ಸರಿಯಿಲ್ಲ. ಹತ್ತು ವರ್ಷ ಕಳೆದರೂ ಅದೇ ಉತ್ತರ. ಅವರು ಕನ್ನಡದವರ ನಡುವೆಯೂ ಹಾಗೇ ಇರುತ್ತಾರೆ, ಊರಿಗೆ ಹೋದಾಗ ಸ್ವಂತ ಅಕ್ಕತಂಗಿಯರ ಜೊತೆಗೂ ಹಾಗೇ ಇರುತ್ತಾರೆ ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಭಾಷೆಯ ತೊಂದರೆಯಾದರೆ ಕನ್ನಡದಲ್ಲಿ ಬಾಯಿ ಬಿಡಬೇಕಲ್ಲ?

ಇದರ ಇನ್ನೊಂದು ಮುಖವೂ ಇದೆ. ಊರಿನಲ್ಲಿದ್ದಾಗ ಬದುಕಿಗೆ ಒಂದು ಕಟ್ಟು ಇತ್ತು. ಅದೇ ಓಣಿ, ಅದೇ ಹೊಲ, ಅದೇ ನಾಲ್ಕು ಮುಖ, ವಾರದ ಅದೇ ಸಂತೆ. ಮಾತು ಬೇಕಾದಲ್ಲಿ ಅವ್ವನೋ ಅಣ್ಣನೋ ಮುಂದೆ ಬಂದು ಆಡುತ್ತಿದ್ದರು. ಊರು ಬಿಟ್ಟ ಮೇಲೆ ಆ ಆಸರೆ ಒಮ್ಮೆಲೇ ಹೋಯಿತು. ಸಾತಪುರ, ಅಂಬಡದ ಕಾರ್ಖಾನೆಯ ಸದ್ದು, ಶೇರ್ ರಿಕ್ಷಾದ ಇಕ್ಕಟ್ಟು, ಬಾಡಿಗೆ ಮನೆ ಬದಲಾವಣೆ, ಹೊಸ ಭಾಷೆ, ಹೊಸ ಸಾಹೇಬರು. ಊರಿನಲ್ಲಿ ಹೇಗೋ ನಡೆದುಕೊಂಡು ಹೋಗುತ್ತಿದ್ದದ್ದು ಇಲ್ಲಿ ಕುಸಿದು ಬೀಳುತ್ತದೆ. ಡಿಎಸ್‌ಎಂ-5 ಕೂಡ ಇದನ್ನು ಒಪ್ಪುತ್ತದೆ: ಲಕ್ಷಣಗಳು ಬಾಲ್ಯದಿಂದಲೇ ಇದ್ದರೂ, ಬದುಕಿನ ಬೇಡಿಕೆ ಮನುಷ್ಯನ ಶಕ್ತಿಯನ್ನು ಮೀರಿದಾಗಲೇ ಪೂರ್ತಿ ಎದ್ದು ಕಾಣಬಹುದು, ಕಲಿತ ಉಪಾಯಗಳ ಹಿಂದೆ ಮುಚ್ಚಿಹೋಗಿರಲೂಬಹುದು. ಅಂದರೆ ಊರು ಬಿಟ್ಟದ್ದರಿಂದ ಆಟಿಸಂ ಬರುವುದಿಲ್ಲ. ಇದ್ದದ್ದು ಬಯಲಿಗೆ ಬರುತ್ತದೆ.

*ಈಗ ತಿಳಿದು ಏನು ಪ್ರಯೋಜನ?*

‘ಗುಳಿಗೆ ಇಲ್ಲ ಅಂತೀರಿ, ವಾಸಿಯಾಗೋದಿಲ್ಲ ಅಂತೀರಿ. ಮತ್ತೆ ತಿಳಿದು ಮಾಡೋದೇನು?’ ಇದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು.

ಒಂದು, ತಪ್ಪು ದಾರಿ ತಪ್ಪುತ್ತದೆ. ಗುರುತಾಗದ ಆಟಿಸಂ ಇರುವವರು ವರ್ಷಗಟ್ಟಲೆ ಬರೀ ಆತಂಕಕ್ಕೆ, ಖಿನ್ನತೆಗೆ ಗುಳಿಗೆ ನುಂಗುತ್ತಾ ಇರುತ್ತಾರೆ. ಅವೂ ನಿಜವಾಗಿ ಇರಬಹುದು, ಚಿಕಿತ್ಸೆಯೂ ಬೇಕು. ಆದರೆ ಬೇರು ತಿಳಿಯದೆ ಎಲೆಗೆ ನೀರು ಹಾಕಿದಂತಾಗುತ್ತದೆ. (ವೈದ್ಯರು ಕೊಟ್ಟ ಗುಳಿಗೆಯನ್ನು ಈ ಲೇಖನ ಓದಿ ನಿಲ್ಲಿಸಬೇಡಿ.)

ಎರಡು, ಸಣ್ಣ ಬದಲಾವಣೆಗಳಿಂದ ದೊಡ್ಡ ನೆಮ್ಮದಿ ಸಿಗುತ್ತದೆ. ಕೆಲಸದ ಸೂಚನೆಯನ್ನು ಬಾಯಲ್ಲಿ ಹೇಳುವ ಬದಲು ಬರೆದು ಕೊಡುವುದು, ಸದ್ದಿನ ಜಾಗದಲ್ಲಿ ಇಯರ್‌ಪ್ಲಗ್, ಶಿಫ್ಟ್ ಬದಲಾವಣೆ ಮೊದಲೇ ತಿಳಿಸುವುದು, ಮನೆಗೆ ಬಂದ ಮೇಲೆ ಅರ್ಧ ತಾಸು ಏಕಾಂತ. ಇದಕ್ಕೆಲ್ಲ ಖರ್ಚು ಎಷ್ಟು?

ಮೂರು, ತನ್ನನ್ನು ತಾನೇ ಹಳಿದುಕೊಳ್ಳುವುದು ನಿಲ್ಲುತ್ತದೆ. ಸ್ಕಾಟ್ಲೆಂಡಿನ ಗಾಯಕಿ ಸೂಸನ್ ಬಾಯ್ಲ್ ಹೆಸರು ಕೆಲವರಿಗೆ ನೆನಪಿರಬಹುದು. 2009ರ ಟಿವಿ ಸ್ಪರ್ಧೆಯಲ್ಲಿ ಹಾಡಿ ಜಗತ್ತಿಗೇ ಪರಿಚಯವಾದವರು. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿದೆ ಎಂದು ಚಿಕ್ಕಂದಿನಿಂದ ಅವರಿಗೆ ಹೇಳಿದ್ದರು. ಶಾಲೆಯಲ್ಲಿ ಹಂಗಿಸಿದರು. ಐವತ್ತು ದಾಟಿದ ಮೇಲೆ ತಜ್ಞರು ನೋಡಿ ಅದು ಆಸ್ಪರ್ಗರ್ ಎಂದರು. 2013ರಲ್ಲಿ ಅವರೇ ಇದನ್ನು ಬಹಿರಂಗವಾಗಿ ಹೇಳಿ, ಈಗ ನೆಮ್ಮದಿಯಾಗಿದೆ ಎಂದರು. ಅವರಿಗೆ ಯಾವ ಔಷಧವೂ ಸಿಗಲಿಲ್ಲ, ಸಿಕ್ಕಿದ್ದು ಸರಿಯಾದ ಹೆಸರು.

ನಾಲ್ಕನೆಯದನ್ನು ಹೇಳಲು ಕಷ್ಟ, ಆದರೂ ಹೇಳಲೇಬೇಕು. ಇದು ಜೀವದ ಪ್ರಶ್ನೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ದೊಡ್ಡವರಾದ ಮೇಲೆ ಆಸ್ಪರ್ಗರ್ ಎಂದು ಗುರುತಾದ 374 ಜನರನ್ನು ಕೇಳಿದಾಗ, ಅವರಲ್ಲಿ 66% ಜನ ಬದುಕಿನಲ್ಲಿ ಒಮ್ಮೆಯಾದರೂ ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದರು. 2014ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ಆದರೆ ಅರ್ಥವಾಗದ ಜೀವನವನ್ನು ಒಬ್ಬರೇ ಹೊತ್ತು ನಡೆಯುವುದು ಎಷ್ಟು ಭಾರ ಎಂಬುದಕ್ಕೆ ಅದು ಸಾಕ್ಷಿ. ನಿಮ್ಮ ಮನೆಯಲ್ಲಿ ಯಾರಾದರೂ ಸಾವಿನ ಮಾತಾಡಿದರೆ ‘ನಾಟಕ’ ಎನ್ನಬೇಡಿ. ಒಬ್ಬರನ್ನೇ ಬಿಡಬೇಡಿ. 14416 ಕ್ಕೆ ಕರೆ ಮಾಡಿ. ಅದು ಸರಕಾರದ ಟೆಲಿ ಮಾನಸ್ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡವನ್ನೂ ಆರಿಸಿಕೊಳ್ಳಬಹುದು.

*ಮದುವೆ ಔಷಧವಲ್ಲ*

‘ಮದುವೆ ಮಾಡಿದರೆ ಎಲ್ಲಾ ಸರಿಹೋಗ್ತದ’ ಎಂಬ ಮಾತನ್ನು ನಮ್ಮ ಜನ ಇನ್ನೂ ಬಿಟ್ಟಿಲ್ಲ. ಊರಿನಲ್ಲಿ ವರ ಹುಡುಕಿ, ಎರಡು ತಾಸು ಚಹಾ ಕುಡಿದು ನೋಡಿ, ಹುಡುಗಿಯನ್ನು ಸಾವಿರ ಕಿಲೋಮೀಟರ್ ಆಚೆ ನಾಸಿಕ್‌ಗೆ ಕಳಿಸುತ್ತೇವೆ. ಇಲ್ಲಿ ಅವಳಿಗೆ ಭಾಷೆ ಇಲ್ಲ, ತವರಿಲ್ಲ, ಗಂಡ ಮಾತಾಡುವುದಿಲ್ಲ. ಅವನಿಗೋ, ಮನೆಗೆ ಹೊಸ ಮನುಷ್ಯರು ಬಂದು ದಿನಚರಿಯೇ ತಲೆಕೆಳಗಾದ ಸಂಕಟ. ಇಬ್ಬರೂ ಒಳ್ಳೆಯವರೇ. ಇಬ್ಬರೂ ತಾವೇ ತಪ್ಪು ಎಂದು ಕೊರಗುತ್ತಾರೆ, ಇಲ್ಲವೇ ಎದುರಿನವರೇ ತಪ್ಪು ಎಂದು ಜಗಳಾಡುತ್ತಾರೆ.

ಆಟಿಸಂ ಇರುವವರು ಮದುವೆಯಾಗಬಾರದು ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಜನ ಚೆನ್ನಾಗಿ ಸಂಸಾರ ಮಾಡುತ್ತಾರೆ. ಆದರೆ ತಿಳಿದೂ ಮುಚ್ಚಿಟ್ಟು ಮಾಡುವ ಮದುವೆ ಇಬ್ಬರಿಗೂ ಅನ್ಯಾಯ. ಈಗಾಗಲೇ ಮದುವೆಯಾಗಿದ್ದರೆ, ಹದಿನೈದು ವರ್ಷದ ಮುನಿಸಿಗೆ ಒಂದು ಕಾರಣ ತಿಳಿದರೆ ಅದು ಕೂಡ ದೊಡ್ಡ ಪರಿಹಾರ. ‘ಇವರಿಗೆ ಪ್ರೀತಿ ಇಲ್ಲ’ ಎಂಬುದು ‘ಇವರಿಗೆ ಪ್ರೀತಿ ತೋರಿಸುವ ರೀತಿ ಬೇರೆ’ ಎಂದು ಬದಲಾಗಬಹುದು.

ಹಾಗಂತ ಆಟಿಸಂ ಕೈ ಮಾಡುವುದಕ್ಕೆ, ಬೈಯುವುದಕ್ಕೆ ಪರವಾನಗಿಯಲ್ಲ. ಹೆಂಡತಿಯ ದಣಿವೂ ದಣಿವೇ, ಗಂಡನ ನೋವೂ ನೋವೇ. ಅವರಿಗೂ ಆಪ್ತಸಲಹೆ ಬೇಕಾಗಬಹುದು.

*ಎಲ್ಲಿ, ಹೇಗೆ ತೋರಿಸಬೇಕು?*

ರಕ್ತ ಪರೀಕ್ಷೆಯಿಂದ, ಎಂಆರ್‌ಐ ಸ್ಕ್ಯಾನಿನಿಂದ ಆಟಿಸಂ ತಿಳಿಯುವುದಿಲ್ಲ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ನಿಧಾನವಾಗಿ ಮಾತಾಡಿಸಿ, ಬಾಲ್ಯದ ವಿವರ ಕೇಳಿ, ಪ್ರಶ್ನಾವಳಿ ತುಂಬಿಸಿ ತೀರ್ಮಾನಿಸುತ್ತಾರೆ. ನಾಸಿಕ್‌ನವರು ಮೊದಲು ಸಿವಿಲ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಸಂಭಾಜಿನಗರದವರಿಗೆ ಎಲ್ಲರೂ ‘ಘಾಟಿ’ ಎಂದು ಕರೆಯುವ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕನ್ನಡದಲ್ಲೇ ಆಗಬೇಕು ಎನ್ನುವವರು ಊರಿಗೆ ಹೋದಾಗ ಧಾರವಾಡದ ಡಿಮ್ಹಾನ್ಸ್‌ನಲ್ಲಿ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಹೋಗುವ ಮೊದಲು ‘ವಯಸ್ಕರ ಆಟಿಸಂ ತಪಾಸಣೆ ಮಾಡುತ್ತೀರಾ’ ಎಂದು ಕೇಳಿಕೊಳ್ಳಿ. ಮಕ್ಕಳನ್ನು ಮಾತ್ರ ನೋಡುವವರೇ ಹೆಚ್ಚು.

ಹೋಗುವಾಗ ಈ ತಯಾರಿ ಇರಲಿ:

1. ಅವ್ವನ ನೆನಪು. ಆಟಿಸಂ ಬಾಲ್ಯದಿಂದ ಇದೆಯೇ ಎಂಬುದೇ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಊರಿನಲ್ಲಿರುವ ಅವ್ವ, ಅಜ್ಜಿ, ದೊಡ್ಡಕ್ಕನ ಬಳಿ ಇದೆ, ಮತ್ತು ಅದು ಕನ್ನಡದಲ್ಲಿದೆ. ಫೋನ್ ಮಾಡಿ ಕೇಳಿ: ಮಾತು ಯಾವಾಗ ಬಂತು? ಕರೆದರೆ ತಿರುಗಿ ನೋಡುತ್ತಿದ್ದನೇ? ಒಬ್ಬನೇ ಆಡುತ್ತಿದ್ದನೇ? ಒಂದೇ ತಾಟು, ಒಂದೇ ಅಂಗಿ ಬೇಕೆಂದು ಹಟ ಇತ್ತೇ? ಜಾತ್ರೆಯಲ್ಲಿ ಅಳುತ್ತಿದ್ದನೇ? ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ ಅಥವಾ ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳಿ. ಹಿರಿಯರು ಹೋದ ಮೇಲೆ ಈ ಕಾಗದ ಯಾವ ಆಸ್ಪತ್ರೆಯಲ್ಲೂ ಸಿಗುವುದಿಲ್ಲ.

2. ಹಳೆಯ ಶಾಲೆಯ ಪ್ರಗತಿಪತ್ರ ಇದ್ದರೆ ತನ್ನಿ. ಅಂಕಕ್ಕಿಂತ ಮಾಸ್ತರು ಬರೆದ ಷರಾ ಮುಖ್ಯ.

3. ಭಾಷೆಯ ವಿಷಯ ವೈದ್ಯರಿಗೆ ಮೊದಲೇ ಹೇಳಿ. ಮರಾಠಿ, ಹಿಂದಿ ತಡವರಿಸುವವರನ್ನು ಅದೇ ಭಾಷೆಯಲ್ಲಿ ಅಳೆದರೆ ಫಲಿತಾಂಶ ಎರಡೂ ಕಡೆಗೆ ತಪ್ಪಬಹುದು. ಸಂಕೋಚವನ್ನು ಆಟಿಸಂ ಎಂದುಕೊಳ್ಳಬಹುದು, ಆಟಿಸಂ ಇದ್ದದ್ದನ್ನು ಭಾಷೆಯ ತೊಡಕು ಎಂದು ಬಿಟ್ಟುಬಿಡಬಹುದು. ಎರಡೂ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ, ಆದರೆ ಅವರು ಹೇಳಿದ್ದನ್ನಷ್ಟೇ ತಿಳಿಸಬೇಕು, ತಮ್ಮ ತೀರ್ಪು ಸೇರಿಸಬಾರದು.

4. ಮೊಬೈಲಿನ ರೀಲ್ಸ್ ನೋಡಿ ತೀರ್ಮಾನ ಬೇಡ. ಅಂತರ್ಜಾಲದಲ್ಲಿ ಸಿಗುವ ಎಕ್ಯೂ ಎಂಬ 50 ಪ್ರಶ್ನೆಗಳ ಪಟ್ಟಿ ಕೇಂಬ್ರಿಜ್‌ನವರು 2001ರಲ್ಲಿ ಮಾಡಿದ್ದು. ಅದು ತಪಾಸಣೆಗೆ ಹೋಗಬೇಕೇ ಎಂದು ಯೋಚಿಸಲು ಸಹಾಯಕ, ತೀರ್ಪಲ್ಲ.

*ಪ್ರಮಾಣಪತ್ರ ಬೇಕೇ?*

ಆಟಿಸಂ ಇದೆ ಎಂದು ವೈದ್ಯರು ಹೇಳುವುದು ಬೇರೆ, ಸರಕಾರದ ಅಂಗವೈಕಲ್ಯ ಪ್ರಮಾಣಪತ್ರ ಬೇರೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ 40% ವೈಕಲ್ಯ ಎಂದು ವೈದ್ಯಕೀಯ ಮಂಡಳಿ ಬರೆಯಬೇಕು. ಅರ್ಜಿ ಯುಡಿಐಡಿ ಪೋರ್ಟಲ್ ಮೂಲಕ. ಒಂದು ರಾಜ್ಯದಲ್ಲಿ ಪಡೆದ ಪ್ರಮಾಣಪತ್ರ ದೇಶದಾದ್ಯಂತ ಊರ್ಜಿತ ಎಂದು 2016ರ ಕಾಯ್ದೆಯೇ ಹೇಳುತ್ತದೆ. ನಾಳೆ ಊರಿಗೆ ಮರಳಿದರೂ ಅದು ನಡೆಯುತ್ತದೆ. ನಮ್ಮಂಥವರಿಗೆ ಇದು ಮುಖ್ಯ.

ಸರಕಾರಿ ನೌಕರಿಯ 4% ಮೀಸಲಾತಿಯಲ್ಲಿ 1% ಆಟಿಸಂ ಸೇರಿದ ಗುಂಪಿಗಿದೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಹಳೆಯ ತೆರಿಗೆ ಪದ್ಧತಿ ಆರಿಸಿದವರಿಗೆ ಆದಾಯ ತೆರಿಗೆಯಲ್ಲಿ 75,000 ರೂಪಾಯಿಯ ಕಡಿತ ಉಂಟು.

ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಪ್ರಮಾಣೀಕರಣಕ್ಕೆ ಬಳಸುತ್ತಾ ಬಂದಿರುವ ಐಎಸ್‌ಎಎ ಎಂಬ 40 ಅಂಶಗಳ ಅಳತೆಗೋಲು ಮುಖ್ಯವಾಗಿ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಆದದ್ದು. ಮಾತು ಬಲ್ಲ, ದುಡಿಯುವ, ಒಳಗೊಳಗೇ ಒದ್ದಾಡುವ ದೊಡ್ಡವರನ್ನು ಅದು ಸರಿಯಾಗಿ ಹಿಡಿಯದೇ ಹೋಗಬಹುದು. ದೊಡ್ಡವರಿಗೆ ಹೊಂದುವ, ಭಾರತದ ಭಾಷೆಗಳಲ್ಲೇ ಸಿದ್ಧವಾದ ಅಳತೆ ಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ವಯಸ್ಕರಿಗೆ ಮೀಸಲಾದ ತಪಾಸಣೆ ಬೇಕು. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಜೊತೆಗೆ ಇಂಥದ್ದನ್ನೂ ಕೇಳಬೇಕು, ಆಸ್ಪತ್ರೆಗೆ ಜೊತೆಯಾಗಿ ಹೋಗುವ ಇಬ್ಬರು ದುಭಾಷಿಗಳನ್ನಾದರೂ ಗೊತ್ತುಮಾಡಬೇಕು. ಇದಕ್ಕೆ ಹಣಕ್ಕಿಂತ ಮನಸ್ಸು ಬೇಕು.

40% ಬರಲಿಲ್ಲ ಎಂದರೆ ಆಟಿಸಂ ಇಲ್ಲ ಎಂದು ಅರ್ಥವಲ್ಲ. ಸೌಲಭ್ಯ ಸಿಗದಿದ್ದರೂ ತಿಳಿವಳಿಕೆ ನಿಮ್ಮದೇ. ಪ್ರಮಾಣಪತ್ರ ತೆಗೆದುಕೊಳ್ಳಬೇಕೇ, ಕಾರ್ಖಾನೆಯಲ್ಲಿ ಹೇಳಬೇಕೇ, ಬಂಧುಗಳಿಗೆ ತಿಳಿಸಬೇಕೇ ಎಂಬುದು ಆ ವ್ಯಕ್ತಿಯೇ ತೀರ್ಮಾನಿಸಬೇಕಾದ ವಿಷಯ. ಅವರ ಒಪ್ಪಿಗೆ ಇಲ್ಲದೆ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಬೇಡಿ.

*ವಾಸಿ ಮಾಡುತ್ತೇವೆ ಎನ್ನುವವರಿಂದ ದೂರವಿರಿ*

ಆಟಿಸಂ ಅನ್ನು ಪೂರ್ತಿ ತೆಗೆದುಹಾಕುವ ಗುಳಿಗೆ, ಇಂಜೆಕ್ಷನ್, ಪಥ್ಯ, ತಾಯಿತ ಯಾವುದೂ ಇಲ್ಲ. ಲಕ್ಷಾಂತರ ರೂಪಾಯಿ ಕೇಳುವ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಆಟಿಸಂಗೆ ಬಳಸಬಾರದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಸಮಿತಿ 2022ರಲ್ಲೇ ಹೇಳಿದೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು 1998ರಲ್ಲಿ ಗುಲ್ಲೆಬ್ಬಿಸಿದ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂದಕ್ಕೆ ಪಡೆದಿದೆ. ಆ ಹಳೆಯ ಸುದ್ದಿ ಇನ್ನೂ ನಮ್ಮ ಗ್ರೂಪುಗಳಲ್ಲಿ ಓಡಾಡುತ್ತಿದೆ. ಬಂದರೆ ಅಲ್ಲೇ ನಿಲ್ಲಿಸಿ. ನಿದ್ದೆ, ಆತಂಕ, ಖಿನ್ನತೆ, ಫಿಟ್ಸ್ ಜೊತೆಗಿದ್ದರೆ ಅವಕ್ಕೆ ಮಾತ್ರ ಒಳ್ಳೆಯ ಚಿಕಿತ್ಸೆ ಇದೆ, ಅದನ್ನು ತಪ್ಪಿಸಬೇಡಿ.

*ತಿಳಿದ ಮೇಲೆ ಮನೆಯವರು ಏನು ಮಾಡಬೇಕು?*

ಮೊದಲು ಸ್ವಲ್ಪ ದಿನ ಸುಮ್ಮನೆ ಇರಿ. ತಿಳಿದ ಕೂಡಲೇ ಎಲ್ಲರಿಗೂ ಸಮಾಧಾನವಾಗುವುದಿಲ್ಲ. ‘ಇಪ್ಪತ್ತು ವರ್ಷದ ಹಿಂದೆಯೇ ತಿಳಿದಿದ್ದರೆ’ ಎಂಬ ದುಃಖ ಬರುತ್ತದೆ, ಸಿಟ್ಟು ಬರುತ್ತದೆ. ಅದಕ್ಕೆ ಜಾಗ ಕೊಡಿ. ‘ನಮಗೂ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಗೇ ಇರ್ತದ’ ಎಂದು ಹಗುರ ಮಾಡಬೇಡಿ. ಬಾಯಾರಿಕೆ ಎಲ್ಲರಿಗೂ ಆಗುತ್ತದೆ, ಹಾಗಂತ ಎಲ್ಲರಿಗೂ ಸಕ್ಕರೆ ಕಾಯಿಲೆ ಇರುವುದಿಲ್ಲವಲ್ಲ.

ಹೇಳಬೇಕಾದ್ದನ್ನು ನೇರವಾಗಿ ಹೇಳಿ. ‘ಸಂಜೆ ಬೇಗ ಬನ್ನಿ’ ಎನ್ನುವ ಬದಲು ‘ಆರು ಗಂಟೆಗೆ ಬನ್ನಿ, ಆಸ್ಪತ್ರೆಗೆ ಹೋಗಬೇಕು’ ಎನ್ನಿ. ಮನೆಗೆ ನೆಂಟರು ಬರುವುದಾದರೆ ಮೊದಲೇ ತಿಳಿಸಿ. ಮದುವೆ ಮನೆಯಲ್ಲಿ ಒಂದು ತಾಸು ಕುಳಿತು ಎದ್ದು ಹೋದರೆ ‘ಮರ್ಯಾದೆ ಕಳೆದ’ ಎನ್ನಬೇಡಿ, ಬಂದದ್ದೇ ದೊಡ್ಡದು. ಸಿಂಹಸ್ಥ ಕುಂಭಮೇಳದಂಥ ಜನಜಂಗುಳಿಗೆ ಒತ್ತಾಯ ಮಾಡಿ ಕರೆದುಕೊಂಡು ಹೋಗಬೇಡಿ. ಗೋದಾವರಿ ಮರುದಿನವೂ, ಬೆಳಗಿನ ಐದಕ್ಕೂ ಅಲ್ಲೇ ಹರಿಯುತ್ತಾಳೆ.

ಹಣೆಪಟ್ಟಿ ಬಿದ್ದರೆ ಜನ ದೂರ ಮಾಡುತ್ತಾರೆ ಎಂಬ ಭಯ ಸುಳ್ಳಲ್ಲ. ದೂರ ಮಾಡುವವರು ಇದ್ದಾರೆ. ಆದರೆ ಗೊತ್ತಿಲ್ಲದೆಯೂ ಅವರನ್ನು ದೂರ ಮಾಡಿಯೇ ಇದ್ದೆವು. ವ್ಯತ್ಯಾಸ ಇಷ್ಟೇ: ಆಗ ಅವರ ಕೈಯಲ್ಲಿ ಉತ್ತರ ಇರಲಿಲ್ಲ, ಈಗ ಇರುತ್ತದೆ. ಅದಕ್ಕಾಗಿಯಾದರೂ ತೋರಿಸಿ ಎನ್ನುತ್ತೇನೆ.

ಇದು ತಿಳಿವಳಿಕೆಗಾಗಿ ಬರೆದ ಲೇಖನ, ವೈದ್ಯರ ಸಲಹೆಗೆ ಬದಲಿಯಲ್ಲ. ಯಾರಿಗೆ ಅಗತ್ಯ ಎನಿಸುತ್ತದೋ ಅವರಿಗೆ ಕಳಿಸಿ, ಆದರೆ ‘ಇದು ನಿನಗೇ’ ಎಂದು ಬೆರಳು ತೋರಿಸಿ ಕಳಿಸಬೇಡಿ. ಎಲ್ಲರಿಗೂ ಕಳಿಸಿದಂತೆ ಕಳಿಸಿ, ಓದಬೇಕಾದವರು ಓದಿಕೊಳ್ಳುತ್ತಾರೆ.

ಎಲ್ಲರಿಗೂ ಆರೋಗ್ಯವಿರಲಿ.